ಆರು ಅಂಕಗಳ ತಕ್ಕಡಿ: ಫ್ರಾನ್ಸಿನ ಸೂರ್ಯಾ ಬೊನಾಲಿಯ ಸ್ಪರ್ಧಾಜೀವನ

ಓಟದ ಪಂದ್ಯದಲ್ಲಿ ಗಡಿಯಾರವೇ ನ್ಯಾಯಾಧಿಪತಿ. ಉದ್ದಜಿಗಿತದಲ್ಲಿ ಅಳತೆಯ ಪಟ್ಟಿಯೇ ನ್ಯಾಯಾಧಿಪತಿ. ಅಲ್ಲಿ ಸೋತವನು ತಾನು ಎಷ್ಟರಿಂದ ಸೋತೆನೆಂಬುದನ್ನು ಬೆರಳಿಟ್ಟು ತೋರಿಸಬಲ್ಲನು. ಮನುಷ್ಯನ ಕಣ್ಣೇ ಗಡಿಯಾರವೂ ಅಳತೆಪಟ್ಟಿಯೂ ಆಗಬೇಕಾದ ಕ್ರೀಡೆಗಳೂ ಲೋಕದಲ್ಲಿ ಕೆಲವುಂಟು. ಪ್ರಬಂಧದ ಉತ್ತರಪತ್ರಿಕೆಗಳನ್ನು ತಿದ್ದುವ ಉಪಾಧ್ಯಾಯ ಬಂಧುಗಳಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗುಣಿತದ ತಪ್ಪುಗಳನ್ನು ಯಾರಾದರೂ ಎಣಿಸಬಹುದು; ಶೈಲಿಗೆ ಅಂಕ ಕೊಡುವಾಗ ಕೈ ತಡೆಯುತ್ತದೆ. ನಮಗೆ ರೂಢಿಯಾದ ಶೈಲಿ ನಮಗೆ ಚೆಲುವಾಗಿ ತೋರುತ್ತದೆ. ರೂಢಿಯಲ್ಲದ್ದು ಒರಟಾಗಿ ಕಾಣುತ್ತದೆ. ಆ ಒರಟುತನ ಬರಹದಲ್ಲಿರುವುದೋ ನಮ್ಮ ಕಣ್ಣಿನಲ್ಲಿರುವುದೋ ಎಂದು ನಿಶ್ಚಯಿಸುವುದು ಸುಲಭವಲ್ಲ.

ಮಂಜುಗಡ್ಡೆಯ ಕಣದ ಮೇಲೆ ನಡೆಯುವ ಫಿಗರ್ ಸ್ಕೇಟಿಂಗ್ ಇಂತಹ ಒಂದು ಕ್ರೀಡೆ. ಅದರ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿ ನಿಲ್ಲಿಸಿದವಳು ಫ್ರಾನ್ಸ್ ದೇಶದ ಸೂರ್ಯಾ ಬೊನಾಲಿ. ಐದು ಬಾರಿ ಯುರೋಪಿನ ಪ್ರಶಸ್ತಿಯನ್ನು ಗೆದ್ದ ಈಕೆ ಒಮ್ಮೆಯೂ ವಿಶ್ವವಿಜೇತೆಯಾಗಲಿಲ್ಲ. ಮೂರು ಒಲಿಂಪಿಕ್ ಕೂಟಗಳಲ್ಲಿ ಸ್ಪರ್ಧಿಸಿಯೂ ಪದಕವಿಲ್ಲದೆ ಮರಳಿದಳು. ಆದರೂ ಆಕೆಯ ಹೆಸರು ಹಲವು ಪದಕವಿಜೇತರ ಹೆಸರಿಗಿಂತ ಹೆಚ್ಚು ಕಾಲ ಉಳಿದಿದೆ. ಇದಕ್ಕೆ ಕಾರಣವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕ್ರೀಡೆಯ ಸ್ವರೂಪ

ಮಂಜುಗಡ್ಡೆಯ ಕಣವನ್ನು ಕಣ್ಣಾರೆ ಕಾಣದ ನಮ್ಮ ವಿದ್ಯಾರ್ಥಿಗಳಿಗಾಗಿ ಮೊದಲು ಈ ಕ್ರೀಡೆಯ ಪರಿಚಯವನ್ನು ಮಾಡಿಕೊಡುವುದು ಅವಶ್ಯ. ಆಟಗಾರರ ಬೂಟಿನ ಅಡಿಯಲ್ಲಿ ಉಕ್ಕಿನ ಒಂದು ಅಲಗು ಇರುತ್ತದೆ. ಅದರ ತಳದಲ್ಲಿ ಉದ್ದಕ್ಕೂ ಸಣ್ಣದೊಂದು ತೋಡು ಇರುವುದರಿಂದ ಅಲಗಿಗೆ ಒಳಗಿನದು, ಹೊರಗಿನದು ಎಂದು ಎರಡು ಅಂಚುಗಳು. ತುದಿಯಲ್ಲಿ ಗರಗಸದಂತಹ ಹಲ್ಲುಗಳು. ದೇಹವನ್ನು ಯಾವ ಅಂಚಿನ ಮೇಲೆ ಬಾಗಿಸುವರೋ ಆ ಕಡೆಗೆ ಅಲಗು ಬಳುಕಿನ ಗೆರೆಯನ್ನು ಕೊರೆಯುತ್ತ ಸಾಗುತ್ತದೆ. ಹೀಗೆ ಸಾಗುತ್ತಿರುವಾಗಲೇ ಗಾಳಿಗೆ ನೆಗೆದು, ಬುಗುರಿಯಂತೆ ಒಂದು, ಎರಡು ಅಥವಾ ಮೂರು ಸುತ್ತು ಸುತ್ತಿ, ಒಂದೇ ಕಾಲಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಇಳಿಯಬೇಕು. ಟೋ ಲೂಪ್, ಸಾಲ್ಕೌ, ಲೂಪ್, ಫ್ಲಿಪ್, ಲುಟ್ಸ್, ಆಕ್ಸೆಲ್ ಎಂದು ಇಂತಹ ಜಿಗಿತಗಳು ಆರು ವಿಧ. ಜಿಗಿತಗಳ ನಡುವೆ ಗಿರಕಿಗಳೂ ಹೆಜ್ಜೆಗಾರಿಕೆಯೂ ಸಂಗೀತಕ್ಕೆ ಹೊಂದಿಕೊಂಡು ಬರಬೇಕು.

ಫಿಗರ್ ಎಂಬ ಮಾತಿಗೆ ಆಕೃತಿ ಎಂದರ್ಥ. ಹಿಂದಿನ ಕಾಲದಲ್ಲಿ ಸ್ಪರ್ಧಿಗಳು ಮಂಜುಗಡ್ಡೆಯ ಮೇಲೆ ವೃತ್ತಗಳನ್ನೂ ಎಂಟರ ಆಕಾರಗಳನ್ನೂ ಅಲಗಿನಿಂದ ಕೊರೆಯುತ್ತಿದ್ದರು. ತೀರ್ಪುಗಾರರು ಬಗ್ಗಿ ನಿಂತು ಆ ಗೆರೆಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಕಾಲದಲ್ಲಿ ಒಟ್ಟು ಅಂಕಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪಾಲು ಇದಕ್ಕೇ ಮೀಸಲಾಗಿತ್ತು. ಕಾಲಕ್ರಮದಲ್ಲಿ ಇದರ ಪಾಲು ಇಳಿಯುತ್ತ ಬಂದು, 1990ನೆಯ ಇಸವಿಯ ನಂತರ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಈ ಭಾಗವನ್ನು ಕೈಬಿಡಲಾಯಿತು. ಉಳಿದುವು ಎರಡು: ನಿಯಮಿತ ಅಂಶಗಳನ್ನೊಳಗೊಂಡ ಕಿರುಪ್ರದರ್ಶನ ಮತ್ತು ಸುಮಾರು ನಾಲ್ಕು ನಿಮಿಷಗಳ ಮುಕ್ತಪ್ರದರ್ಶನ.

ಆಗಿನ ಪದ್ಧತಿಯಲ್ಲಿ ಒಂಬತ್ತು ಮಂದಿ ತೀರ್ಪುಗಾರರು. ಪ್ರತಿಯೊಬ್ಬರೂ ಆರನ್ನು ಪೂರ್ಣಾಂಕವಾಗಿಟ್ಟುಕೊಂಡು ಎರಡು ಅಂಕಗಳನ್ನು ಕೊಡುತ್ತಿದ್ದರು. ಮೊದಲನೆಯದು ತಾಂತ್ರಿಕ ಸಾಮರ್ಥ್ಯಕ್ಕೆ, ಎರಡನೆಯದು ಪ್ರದರ್ಶನದ ಸೊಗಸಿಗೆ. ಒಂಬತ್ತು ಮಂದಿಯ ಅಂಕಗಳನ್ನು ಕೂಡಿಸುವ ಕ್ರಮವಿರಲಿಲ್ಲ. ಒಬ್ಬೊಬ್ಬ ತೀರ್ಪುಗಾರನ ಅಂಕಗಳಿಂದ ಸ್ಪರ್ಧಿಗಳ ಶ್ರೇಣಿಯನ್ನು ಮಾತ್ರ ತೆಗೆದುಕೊಂಡು, ಬಹುಮತ ಯಾರ ಕಡೆಗಿದೆಯೆಂದು ನೋಡುತ್ತಿದ್ದರು. ಮುಕ್ತಪ್ರದರ್ಶನದಲ್ಲಿ ಒಬ್ಬ ತೀರ್ಪುಗಾರನು ಇಬ್ಬರಿಗೆ ಕೊಟ್ಟ ಮೊತ್ತ ಸಮನಾದರೆ, ಸೊಗಸಿನ ಅಂಕ ಯಾರಿಗೆ ಹೆಚ್ಚೋ ಅವರೇ ಮೇಲು. ಈ ಕೊನೆಯ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನೀಸ್ ನಗರದ ಬಾಲೆ

ಸೂರ್ಯಾ ಬೊನಾಲಿ 1973ನೆಯ ಇಸವಿ ಡಿಸೆಂಬರ್ 15ರಂದು ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ಜನಿಸಿದಳು. ಹಸುಳೆಯಾಗಿದ್ದಾಗಲೇ ಸುಜಾನ್ ಮತ್ತು ಜಾರ್ಜ್ ಬೊನಾಲಿ ಎಂಬ ದಂಪತಿಗಳು ಆಕೆಯನ್ನು ದತ್ತು ತೆಗೆದುಕೊಂಡರು. ಮಗುವಿನದು ಕಪ್ಪು ಮೈಬಣ್ಣ, ಸಾಕುತಂದೆತಾಯಿಗಳದು ಬಿಳಿಯ ಬಣ್ಣ. ಭಾರತೀಯರಾದ ನಮಗೆ ಕುತೂಹಲ ಹುಟ್ಟಿಸುವ ಸಂಗತಿಯೆಂದರೆ, ಅವರು ಮಗುವಿಗೆ ಆರಿಸಿದ ಹೆಸರು ಸಂಸ್ಕೃತದ ಸೂರ್ಯ ಶಬ್ದವೇ ಆಗಿದೆ. ಆಕೆ ಪ್ರಸಿದ್ಧಿಗೆ ಬರುತ್ತಿದ್ದ ದಿನಗಳಲ್ಲಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಹುಟ್ಟಿದವಳೆಂಬ ಕಥೆಯೊಂದು ಪತ್ರಿಕೆಗಳಲ್ಲಿ ಹರಡಿತ್ತು. ಅದು ನಿಜವಲ್ಲವೆಂದು ಅನಂತರ ತಿಳಿದುಬಂತು. ನೀಸ್ ನಗರದಲ್ಲಿ ಹುಟ್ಟಿದ ಫ್ರೆಂಚ್ ಹುಡುಗಿಗೆ ದೂರದ್ವೀಪದ ಹುಟ್ಟೊಂದನ್ನು ಕಟ್ಟಿಕೊಟ್ಟು, ಅದನ್ನು ಸಲೀಸಾಗಿ ನಂಬಿದ ಕಾಲವದು. ಆಕೆಯನ್ನು ನೋಡುವ ಕಣ್ಣುಗಳು ಮೊದಲಿನಿಂದಲೂ ಏನನ್ನು ನಿರೀಕ್ಷಿಸುತ್ತಿದ್ದುವೆಂಬುದಕ್ಕೆ ಇದೊಂದು ಸಾಕ್ಷಿ.

ತಾಯಿ ಸುಜಾನ್ ವ್ಯಾಯಾಮ ಶಿಕ್ಷಕಿ. ಸ್ಕೇಟಿಂಗ್ ಕಲಿಸುವ ಕೆಲಸವೂ ಅವರದಾಗಿತ್ತು. ತಾಯಿಯ ಬೆರಳು ಹಿಡಿದೇ ಮಗು ಕಣಕ್ಕೆ ಇಳಿಯಿತು. ಇದರೊಡನೆ ನೆಲದ ಮೇಲಿನ ಅಂಗಸಾಧನೆಯಲ್ಲಿಯೂ, ಸಾಲಾಗಿ ಲಾಗ ಹಾಕುತ್ತ ಸಾಗುವ ಟಂಬ್ಲಿಂಗ್ ಎಂಬ ವಿದ್ಯೆಯಲ್ಲಿಯೂ ಆಕೆ ಪಳಗಿದಳು. ಬಾಲ್ಯದ ಈ ಅಭ್ಯಾಸ ಆಕೆಯ ಮುಂದಿನ ಜೀವನದ ಮೇಲೆ ಅಳಿಸಲಾಗದ ಗುರುತನ್ನು ಬಿಟ್ಟಿತು. ಕಾಲಿನ ಪುಟಿತ, ಗಾಳಿಯಲ್ಲಿ ಎದೆಗುಂದದ ಧೈರ್ಯ, ಬಿದ್ದರೂ ಚೆಂಡಿನಂತೆ ಏಳುವ ಚುರುಕು ಇವೆಲ್ಲ ಅಲ್ಲಿಂದ ಬಂದವು. ನೃತ್ಯದಂತೆ ನಯವಾಗಿ ಹರಿಯುವ ಗತಿ ಮಾತ್ರ ಆ ಶಾಲೆಯಲ್ಲಿ ದೊರೆಯುವಂತಹುದಲ್ಲ.

ಬಾಲೆಯ ಸಾಮರ್ಥ್ಯವನ್ನು ಗುರುತಿಸಿದ ತರಬೇತುದಾರ ದಿದಿಯೇ ಗಯಾಗೆ ಆಕೆಯನ್ನು ಪ್ಯಾರಿಸ್ ನಗರದ ಸಮೀಪಕ್ಕೆ ಕರೆತಂದು ಅಭ್ಯಾಸ ಮಾಡಿಸಿದನು. 1989ರಲ್ಲಿ ಆಕೆ ಮೊದಲ ಬಾರಿಗೆ ಫ್ರಾನ್ಸಿನ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಳು. ಅಂದಿನಿಂದ 1997ರವರೆಗೆ ಒಂಬತ್ತು ವರ್ಷ ಒಂದೇ ಸಮನೆ ಆ ಪ್ರಶಸ್ತಿ ಆಕೆಯ ಕೈಯಿಂದ ಜಾರಲಿಲ್ಲ. 1989ರ ವಿಶ್ವಸ್ಪರ್ಧೆಯಲ್ಲಿ ಹತ್ತನೆಯ ಸ್ಥಾನ, 1990ರಲ್ಲಿ ಒಂಬತ್ತನೆಯ ಸ್ಥಾನ. ವೃತ್ತ ಕೊರೆಯುವ ಪರೀಕ್ಷೆ ರದ್ದಾದ ಕೂಡಲೇ ಜಿಗಿತದ ಬಲವುಳ್ಳವರಿಗೆ ದಾರಿ ತೆರೆಯಿತು. 1991ರಲ್ಲಿ ಆಕೆ ಕಿರಿಯರ ವಿಶ್ವಪ್ರಶಸ್ತಿಯನ್ನು ಪಡೆದಳು. ಅದೇ ವರ್ಷ ಬಲ್ಗೇರಿಯದ ಸೋಫಿಯಾ ನಗರದಲ್ಲಿ ಯುರೋಪಿನ ಪ್ರಶಸ್ತಿಯೂ ದೊರೆಯಿತು. ಫ್ರಾನ್ಸಿನ ಮಹಿಳೆಯೊಬ್ಬಳು ಯುರೋಪಿನ ವೈಯಕ್ತಿಕ ಪ್ರಶಸ್ತಿಯನ್ನು ಗೆದ್ದದ್ದು ಅದೇ ಮೊದಲು. ಮುಂದಿನ ವರ್ಷಗಳಲ್ಲಿ ಲೊಸಾನ್, ಹೆಲ್ಸಿಂಕಿ, ಕೋಪನ್‌ಹೇಗನ್, ಡಾರ್ಟ್‌ಮಂಡ್ ನಗರಗಳಲ್ಲಿಯೂ ಅದೇ ಗೆಲುವು ಮರುಕಳಿಸಿ, 1995ರ ಹೊತ್ತಿಗೆ ಐದು ಪ್ರಶಸ್ತಿಗಳು ಕೂಡಿದವು.

ಆಲ್ಬರ್ಟ್‌ವಿಲ್ಲಿನ ಪ್ರತಿಜ್ಞೆ

1992ರ ಚಳಿಗಾಲದ ಒಲಿಂಪಿಕ್ ಕೂಟ ನಡೆದದ್ದು ಫ್ರಾನ್ಸಿನ ಆಲ್ಬರ್ಟ್‌ವಿಲ್ಲಿನಲ್ಲಿ. ಪ್ರಾರಂಭೋತ್ಸವದ ದಿನ ಎಲ್ಲ ಕ್ರೀಡಾಳುಗಳ ಪರವಾಗಿ, ನಿಯಮಗಳನ್ನು ಗೌರವಿಸಿ ಪಾಲಿಸುವೆವೆಂಬ ಪ್ರತಿಜ್ಞೆಯನ್ನು ಸ್ವೀಕರಿಸುವ ಮನ್ನಣೆ ಹದಿನೆಂಟು ವಯಸ್ಸಿನ ಬೊನಾಲಿಯ ಪಾಲಿಗೆ ಬಂತು. ಆರು ವರ್ಷಗಳ ಅನಂತರ ಇದೇ ಹುಡುಗಿ ಒಲಿಂಪಿಕ್ ಕಣದ ನಡುವೆ ನಿಯಮವೊಂದನ್ನು ಬೇಕೆಂದೇ ಮುರಿಯುವಳೆಂದು ಅಂದು ಯಾರು ತಾನೆ ಊಹಿಸಿದ್ದರು!

ಆ ಕೂಟದಲ್ಲಿ ಆಕೆ ಕೈಹಾಕಿದ್ದು ಸಾಮಾನ್ಯ ಸಾಹಸಕ್ಕಲ್ಲ. ಮಹಿಳೆಯರು ಮೂರು ಸುತ್ತಿನ ಜಿಗಿತಗಳಲ್ಲಿಯೇ ತೃಪ್ತರಾಗಿದ್ದ ಆ ಕಾಲದಲ್ಲಿ ಆಕೆ ನಾಲ್ಕು ಸುತ್ತಿನ ಟೋ ಲೂಪ್ ಜಿಗಿತಕ್ಕೆ ಪ್ರಯತ್ನಿಸಿದಳು. ಸುತ್ತು ಗಾಳಿಯಲ್ಲಿಯೇ ಪೂರ್ಣವಾಗಲಿಲ್ಲವೆಂದು ತೀರ್ಪುಗಾರರು ಅದನ್ನು ಅಂಗೀಕರಿಸಲಿಲ್ಲ. ನಾಲ್ಕು ಸುತ್ತಿನ ಜಿಗಿತವನ್ನು ಸ್ಪರ್ಧೆಯಲ್ಲಿ ಪೂರ್ಣಗೊಳಿಸಿದ ಮೊದಲ ಮಹಿಳೆಯೆಂಬ ಮನ್ನಣೆ 2002ರಲ್ಲಿ ಜಪಾನಿನ ಮಿಕಿ ಆಂಡೋಳಿಗೆ ಸಂದಿತು. ಬೊನಾಲಿ ತಟ್ಟಿದ ಬಾಗಿಲು ತೆರೆಯಲು ಹತ್ತು ವರ್ಷಗಳೇ ಬೇಕಾದವು.

ಅದೇ ಕೂಟದ ಅಭ್ಯಾಸದ ವೇಳೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಬೊನಾಲಿ ಹಿಂದಕ್ಕೆ ಒಂದು ಲಾಗ ಹಾಕಿದಳು. ಈ ಸಾಹಸವನ್ನು ಇನ್ನು ಮುಂದೆ ಹಿಂಲಾಗವೆಂದು ಕರೆಯೋಣ. ಅದೇ ಕಣದಲ್ಲಿ ಅಭ್ಯಾಸ ಮಾಡುತ್ತಿದ್ದ ಜಪಾನಿನ ಮಿಡೋರಿ ಇತೋಳ ಸಮೀಪದಲ್ಲಿಯೇ ಇದು ನಡೆದುದರಿಂದ, ಎದುರಾಳಿಯನ್ನು ಬೆದರಿಸುವ ತಂತ್ರವಿದೆಂಬ ಆಕ್ಷೇಪಣೆ ಎದ್ದಿತು. ಅಧಿಕಾರಿಗಳು ಎಚ್ಚರಿಕೆ ಕೊಟ್ಟರು. ಒಬ್ಬಳ ಉತ್ಸಾಹ ಇನ್ನೊಬ್ಬಳಿಗೆ ಅಪಾಯವಾಗಬಹುದಾದಲ್ಲಿ ಎಚ್ಚರಿಸುವುದು ಅಧಿಕಾರಿಗಳ ಕರ್ತವ್ಯವೇ ಸರಿ. ಸ್ಪರ್ಧೆಯ ಕೊನೆಗೆ ಅಮೆರಿಕದ ಕ್ರಿಸ್ಟಿ ಯಾಮಗುಚಿ ಪ್ರಥಮಳು, ಇತೋ ದ್ವಿತೀಯಳು. ಬೊನಾಲಿಗೆ ಐದನೆಯ ಸ್ಥಾನ. ತರುವಾಯ ಗಯಾಗೆಯ ಶಿಷ್ಯತ್ವವನ್ನು ಬಿಟ್ಟು, ತಾಯಿಯನ್ನೇ ಗುರುವನ್ನಾಗಿ ಮಾಡಿಕೊಂಡು ಆಕೆ ಮುಂದುವರಿದಳು.

ಮೂರು ಬೆಳ್ಳಿ ಪದಕಗಳು

1952ರಲ್ಲಿ ಝಾಕ್ಲಿನ್ ದ್ಯು ಬಿಯೆಫ್ ಎಂಬಾಕೆ ವಿಶ್ವಪ್ರಶಸ್ತಿಯನ್ನು ಗೆದ್ದ ಬಳಿಕ ಫ್ರಾನ್ಸಿನ ಯಾವ ಮಹಿಳೆಗೂ ಆ ಭಾಗ್ಯ ಒದಗಿರಲಿಲ್ಲ. ನಾಲ್ಕು ದಶಕಗಳ ಆ ನಿರೀಕ್ಷೆಯೆಲ್ಲ ಬೊನಾಲಿಯ ಹೆಗಲ ಮೇಲಿತ್ತು.

1993ರಲ್ಲಿ ಪ್ರಾಗ್ ನಗರದಲ್ಲಿ ವಿಶ್ವಸ್ಪರ್ಧೆ ನಡೆಯಿತು. ಜಿಗಿತಗಳ ಬಲದಲ್ಲಿ ಬೊನಾಲಿಗೆ ಸಾಟಿಯಾಗಬಲ್ಲವರು ವಿರಳ. ಆದರೆ ಉಕ್ರೇನಿನ ಹದಿನೈದು ವಯಸ್ಸಿನ ಒಕ್ಸಾನಾ ಬಾಯುಲ್ ತನ್ನ ನರ್ತನದ ಲಾಲಿತ್ಯದಿಂದ ಎಲ್ಲರ ಮನಸ್ಸನ್ನೂ ಸೂರೆಗೊಂಡು ಪ್ರಥಮ ಸ್ಥಾನ ಪಡೆದಳು. ಬೊನಾಲಿಗೆ ಬೆಳ್ಳಿ.

1994ರ ಫೆಬ್ರವರಿಯಲ್ಲಿ ನಾರ್ವೆಯ ಲಿಲ್ಲೆಹಾಮರಿನಲ್ಲಿ ಒಲಿಂಪಿಕ್ ಕೂಟ. ಕಿರುಪ್ರದರ್ಶನ ಮುಗಿದಾಗ ಬೊನಾಲಿ ಮೂರನೆಯವಳಾಗಿದ್ದಳು. ಪದಕ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಮುಕ್ತಪ್ರದರ್ಶನದಲ್ಲಿ ಎಡವಿ ನಾಲ್ಕನೆಯ ಸ್ಥಾನಕ್ಕೆ ಇಳಿದಳು. ಅಂದು ಚಿನ್ನಕ್ಕಾಗಿ ನಡೆದ ಪೈಪೋಟಿಯ ಫಲಿತಾಂಶವನ್ನು ಗಮನಿಸಬೇಕು. ಐವರು ತೀರ್ಪುಗಾರರು ಬಾಯುಲ್‌ಳ ಪರ, ನಾಲ್ವರು ಅಮೆರಿಕದ ನ್ಯಾನ್ಸಿ ಕೆರಿಗನ್‌ಳ ಪರ. ಆ ಐವರಲ್ಲಿಯೂ ಒಬ್ಬನು ಇಬ್ಬರಿಗೂ ಸಮಾನ ಮೊತ್ತವನ್ನು ಕೊಟ್ಟಿದ್ದನು. ಸೊಗಸಿನ ಅಂಕವು ಬಾಯುಲ್‌ಳಿಗೆ ಹೆಚ್ಚಾಗಿದ್ದುದರಿಂದ ಆತನ ಮತ ಆಕೆಗೆ ಸಂದಿತು. ನಾವು ಮೇಲೆ ನೆನಪಿನಲ್ಲಿಡಲು ಹೇಳಿದ ನಿಯಮದ ಮಹಿಮೆ ಇದು. ಆ ಪದ್ಧತಿಯಲ್ಲಿ ಕೂದಲೆಳೆಯಿಂದ ಸೋತವಳು ಬೊನಾಲಿಯೊಬ್ಬಳೇ ಆಗಿರಲಿಲ್ಲವೆಂಬುದನ್ನು ಇತಿಹಾಸಕ್ಕೆ ನಿಷ್ಠರಾಗಿ ಹೇಳಬೇಕಾಗುತ್ತದೆ.

ಅದಾದ ಮುಂದಿನ ತಿಂಗಳೇ ಜಪಾನಿನ ಚಿಬಾ ನಗರದಲ್ಲಿ ವಿಶ್ವಸ್ಪರ್ಧೆ. ಬಾಯುಲ್, ಕೆರಿಗನ್ ಇಬ್ಬರೂ ಅಲ್ಲಿರಲಿಲ್ಲ. ಬೊನಾಲಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಬರುವಂತಿರಲಿಲ್ಲ. ಆಕೆಯ ಎದುರಾಳಿ ಆ ನಾಡಿನವಳೇ ಆದ ಯುಕಾ ಸಾತೋ. ಸಾತೋ ಮಂಜುಗಡ್ಡೆಯ ಮೇಲೆ ಹರಿಯುವ ಪರಿಗೆ ಹೆಸರಾದವಳು. ಅಲಗಿನ ಸದ್ದೇ ಕೇಳದಂತೆ ಸಾಗುವಳು. ಫಲಿತಾಂಶ ಐದಕ್ಕೆ ನಾಲ್ಕು. ಐವರು ಸಾತೋಳನ್ನು ಪ್ರಥಮಳೆಂದರು, ನಾಲ್ವರು ಬೊನಾಲಿಯನ್ನು.

ಪದಕಪ್ರದಾನದ ಸಮಯದಲ್ಲಿ ಬೊನಾಲಿ ವಿಜೇತರ ಪೀಠವನ್ನು ಏರದೆ ಅದರ ಪಕ್ಕದಲ್ಲಿ ನೆಲದ ಮೇಲೆಯೇ ನಿಂತಳು. ಅಧಿಕಾರಿಯೊಬ್ಬರು ಒತ್ತಾಯಿಸಿದ ಮೇಲೆ ಪೀಠವನ್ನೇರಿದಳು. ಕೊರಳಿಗೆ ಹಾಕಿದ ಬೆಳ್ಳಿಯ ಪದಕವನ್ನು ಕೂಡಲೇ ತೆಗೆದು ಕೈಯಲ್ಲಿ ಹಿಡಿದಳು. ಕಣ್ಣುಗಳಲ್ಲಿ ನೀರು. ಪ್ರೇಕ್ಷಕರಿಂದ ಮೂದಲಿಕೆಯ ಕೂಗು ಎದ್ದಿತು. ಗೆದ್ದ ಸಾತೋಳಿಗೆ ಆ ಘಳಿಗೆ ಎಷ್ಟು ಇರುಸುಮುರುಸಿನದಾಗಿದ್ದಿರಬೇಕೆಂಬುದನ್ನೂ ನಾವು ಮರೆಯಬಾರದು, ಆಕೆಯದೇನೂ ತಪ್ಪಿರಲಿಲ್ಲ. ಸೋತವರು ಗೆದ್ದವರಿಗೆ ಕೈಕುಲುಕಬೇಕೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಾಗೆ ಕಲಿಸುವುದು ಸರಿಯೇ. ಆದರೂ ಇಪ್ಪತ್ತು ವಯಸ್ಸಿನ ಆ ಹುಡುಗಿಯ ಅಸಮಾಧಾನ ಸಾತೋಳ ಮೇಲಿನದಾಗಿರಲಿಲ್ಲ, ತಕ್ಕಡಿಯ ಮೇಲಿನದಾಗಿತ್ತೆಂದು ನಮಗೆ ತೋರುತ್ತದೆ. ತಪ್ಪು ಲೆಕ್ಕವಾದರೆ ತಿದ್ದಿಕೊಳ್ಳಬಹುದು. ಸೊಗಸು ಸಾಲದೆಂದು ಹೇಳಿದರೆ ಏನನ್ನು ತಿದ್ದಿಕೊಳ್ಳುವುದು?

1995ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಚೀನದ ಚೆನ್ ಲು ಪ್ರಥಮಳಾದಳು. ಬೊನಾಲಿಗೆ ಮೂರನೆಯ ಬಾರಿಯೂ ಬೆಳ್ಳಿ.

ಎರಡು ಪಕ್ಷಗಳ ವಿಚಾರ

ಆಕೆಗೆ ಅನ್ಯಾಯವಾಯಿತೇ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವನ್ನು ಕೊಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಎರಡೂ ಪಕ್ಷಗಳನ್ನು ಕೇಳಬೇಕು.

ತೀರ್ಪುಗಾರರ ಪಕ್ಷದಲ್ಲಿ ಹುರುಳಿಲ್ಲದಿಲ್ಲ. ಬೊನಾಲಿಯ ಜಿಗಿತಗಳಲ್ಲಿ ಕೆಲವೊಮ್ಮೆ ಕೊನೆಯ ಕಾಲುಸುತ್ತು ಗಾಳಿಯಲ್ಲಿ ಮುಗಿಯದೆ ಮಂಜುಗಡ್ಡೆಯ ಮೇಲೆ ಮುಗಿಯುತ್ತಿತ್ತು. ಒಂದು ಜಿಗಿತದಿಂದ ಮುಂದಿನ ಜಿಗಿತಕ್ಕೆ ಸಾಗುವಾಗ ಅಂಚುಗಳ ಮೇಲಿನ ಆಳವಾದ ಬಾಗು ಕಡಿಮೆ; ಬಿರುಸಿನ ಹೆಜ್ಜೆಗಳೇ ಹೆಚ್ಚು. ಸಂಗೀತ ಒಂದು ಕಡೆಗೂ ದೇಹ ಒಂದು ಕಡೆಗೂ ಸಾಗಿದಂತೆ ಕಾಣುವುದುಂಟು. ಸಾತೋಳ ಅಲಗಿನ ನಯವನ್ನು ಕಂಡ ಕಣ್ಣು ಈ ಅಂತರವನ್ನು ಗುರುತಿಸದಿರಲು ಸಾಧ್ಯವಿಲ್ಲ. ಅಂಚಿನ ಮೇಲಿನ ಹಿಡಿತ ಈ ಕ್ರೀಡೆಯ ಮೂಲವ್ಯಾಕರಣ. ಅದಕ್ಕೆ ಬೆಲೆ ಕೊಡಬಾರದೆಂದು ಯಾರೂ ಹೇಳುವಂತಿಲ್ಲ.

ಮೈಬಣ್ಣವೊಂದೇ ಕಾರಣವೆಂದು ಹೇಳಿಬಿಡುವುದೂ ಅವಸರದ ಮಾತಾದೀತು. ಅಮೆರಿಕದ ಕಪ್ಪುಜನಾಂಗದ ಡೆಬಿ ಥಾಮಸ್ 1986ರಲ್ಲಿಯೇ ವಿಶ್ವಪ್ರಶಸ್ತಿಯನ್ನು ಗೆದ್ದಿದ್ದಳು. 1988ರ ಒಲಿಂಪಿಕ್ ಕೂಟದಲ್ಲಿ ಕಂಚಿನ ಪದಕವನ್ನೂ ಪಡೆದಿದ್ದಳು. ಬೊನಾಲಿಗೆ ಐದು ಬಾರಿ ಪ್ರಶಸ್ತಿ ಕೊಟ್ಟವರೂ ಯುರೋಪಿನ ತೀರ್ಪುಗಾರರೇ.

ಇನ್ನು ಮತ್ತೊಂದು ಪಕ್ಷ. ಸೊಗಸು ಎಂಬ ಅಂಕದೊಳಗೆ ಏನೇನು ಸೇರಿರುತ್ತದೆ? ಅಂಚಿನ ಬಾಗು, ಸಂಗೀತದ ಅರಿವು ಇವು ಸೇರಿರುತ್ತವೆ, ಅವು ನ್ಯಾಯವಾದುವು. ಆದರೆ ಅವುಗಳ ಜೊತೆಗೆ, ಹೆಸರು ಹೇಳದ ಇನ್ನೊಂದು ವಸ್ತುವೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಮಹಿಳೆಯೆಂದರೆ ಹೀಗಿರಬೇಕೆಂಬ ಒಂದು ಚಿತ್ರವದು. ತೆಳುವಾದ ಮೈಕಟ್ಟು, ರಾಜಕುಮಾರಿಯ ನಿಲುವು, ಶ್ರಮವೇ ಕಾಣದಂತಹ ಮೃದುತ್ವ ಇವುಗಳನ್ನು ಈ ಕ್ರೀಡೆ ಹಲವು ದಶಕಗಳಿಂದ ಚೆಲುವಿನ ಲಕ್ಷಣವೆಂದು ಎಣಿಸುತ್ತ ಬಂದಿತ್ತು. ಬೊನಾಲಿಯದು ಕಸುವು ತುಂಬಿದ ದೇಹ. ಆಕೆ ತನ್ನ ಶ್ರಮವನ್ನು ಮುಚ್ಚಿಡುತ್ತಿರಲಿಲ್ಲ. ಪತ್ರಿಕೆಗಳೂ ವ್ಯಾಖ್ಯಾನಕಾರರೂ ಆಕೆಯ ವಿಷಯದಲ್ಲಿ ಬಲ, ಅಂಗಸಾಧನೆ ಎಂಬ ಮಾತುಗಳನ್ನೇ ಮತ್ತೆ ಮತ್ತೆ ಬಳಸಿದರು. ಲಾಲಿತ್ಯವೆಂಬ ಮಾತನ್ನು ಬೇರೆಯವರಿಗೆ ಕಾಯ್ದಿಟ್ಟರು. ಇಂತಹ ಮಾತುಗಳು ವರ್ಷಗಟ್ಟಲೆ ಕಿವಿಗೆ ಬಿದ್ದ ಮೇಲೆ, ತೀರ್ಪುಗಾರನು ಎಷ್ಟೇ ಪ್ರಾಮಾಣಿಕನಾಗಿದ್ದರೂ, ಅವನ ಕಣ್ಣು ತಾನು ಕೇಳಿದ್ದನ್ನೇ ಕಾಣತೊಡಗುವುದು ಅಸಂಭವವಲ್ಲ. ಒಂದೊಂದು ತೀರ್ಪನ್ನೂ ಬೇರೆಬೇರೆಯಾಗಿ ನೋಡಿದರೆ ಸಮರ್ಥಿಸಿಕೊಳ್ಳಬಹುದು. ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದಾಗ ಸಂದೇಹ ಹುಟ್ಟುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಆಕೆಯ ದೋಷಗಳು ನಿಜವಾದುವು. ಆ ದೋಷಗಳನ್ನು ತೂಗಿದ ತಕ್ಕಡಿಯೂ ನಿರ್ದೋಷವಾಗಿರಲಿಲ್ಲ.

ನಗಾನೋ ನಗರದ ಸಂಜೆ

1996ರಲ್ಲಿ ಯುರೋಪಿನ ಪ್ರಶಸ್ತಿ ರಷ್ಯದ ಇರಿನಾ ಸ್ಲುತ್ಸ್ಕಾಯಾಳ ಪಾಲಾಯಿತು, ಬೊನಾಲಿ ದ್ವಿತೀಯಳಾದಳು. ಅದೇ ವರ್ಷ ಅಭ್ಯಾಸದ ವೇಳೆಯಲ್ಲಿ ಆಕೆಯ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಹರಿಯಿತು. ನೆಗೆಯುವಾಗ ದೇಹದ ಭಾರವನ್ನೆಲ್ಲ ಎತ್ತುವುದು ಈ ರಜ್ಜುವೇ. ಜಿಗಿತವನ್ನೇ ಬಂಡವಾಳವಾಗಿ ಹೊಂದಿದ್ದವಳಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ತಿಂಗಳುಗಟ್ಟಲೆ ಕಣದಿಂದ ದೂರವಿದ್ದು ಮರಳಿದಾಗ ಹಿಂದಿನ ಪುಟಿತ ಇರಲಿಲ್ಲ. 1997ರ ಯುರೋಪ್ ಸ್ಪರ್ಧೆಯಲ್ಲಿ ಒಂಬತ್ತನೆಯ ಸ್ಥಾನ, 1998ರಲ್ಲಿ ಆರನೆಯ ಸ್ಥಾನ. ಹೀಗಿದ್ದೂ ಜಪಾನಿನ ನಗಾನೋ ನಗರದಲ್ಲಿ 1998ರ ಫೆಬ್ರವರಿಯಲ್ಲಿ ನಡೆದ ಒಲಿಂಪಿಕ್ ಕೂಟಕ್ಕೆ ಆಕೆ ಬಂದಳು. ಆಕೆಗೆ ಆಗ ಇಪ್ಪತ್ತನಾಲ್ಕು ವಯಸ್ಸು. ಎದುರಿಗೆ ಹದಿನೈದು, ಹದಿನೇಳು ವಯಸ್ಸಿನ ಹುಡುಗಿಯರು.

ಕಿರುಪ್ರದರ್ಶನದಲ್ಲಿ ಆಕೆಗೆ ಆರನೆಯ ಸ್ಥಾನ. ಮುಕ್ತಪ್ರದರ್ಶನದಲ್ಲಿ ಪದಕದ ಆಸೆ ಕಮರಿತು. ಆಗ ಆಕೆ ಕಣದ ನಡುವೆ ತೀರ್ಪುಗಾರರಿಗೆ ಬೆನ್ನು ತೋರುವಂತೆ ಸಾಗಿಬಂದು, ಹಿಂದಕ್ಕೆ ಲಾಗ ಹಾಕಿ, ಗಾಳಿಯಲ್ಲಿ ಒಮ್ಮೆ ಉರುಳಿ, ಒಂದೇ ಕಾಲಿನ ಮೇಲೆ ಇಳಿದಳು.

ಇದರ ಅರ್ಥ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1976ರ ಒಲಿಂಪಿಕ್ ಕೂಟದಲ್ಲಿ ಅಮೆರಿಕದ ಟೆರಿ ಕುಬಿಕಾ ಮೊದಲ ಬಾರಿಗೆ ಹಿಂಲಾಗವನ್ನು ಪ್ರದರ್ಶಿಸಿದನು. ಅದಾದ ಬಳಿಕ ಅಂತರರಾಷ್ಟ್ರೀಯ ಸಂಸ್ಥೆ ಲಾಗಗಳನ್ನು ನಿಷೇಧಿಸಿತು. ಅದಕ್ಕೆ ಕೊಟ್ಟ ಕಾರಣಗಳು ಎರಡು: ಅದು ಅಪಾಯಕಾರಿ ಎಂಬುದೊಂದು, ಜಿಗಿತವೆಂದರೆ ಒಂದೇ ಕಾಲಿನ ಮೇಲೆ ಇಳಿಯಬೇಕು, ಲಾಗದಲ್ಲಿ ಎರಡೂ ಕಾಲುಗಳ ಮೇಲೆ ಇಳಿಯುತ್ತಾರೆ ಎಂಬುದು ಮತ್ತೊಂದು. ಬೊನಾಲಿ ಒಂದೇ ಕಾಲಿನ ಮೇಲೆ ಇಳಿದು ಎರಡನೆಯ ಕಾರಣಕ್ಕೆ ಮಾತಿಲ್ಲದೆ ಉತ್ತರ ಹೇಳಿದಳು. ಮೊದಲನೆಯ ಕಾರಣ ಹಾಗೆಯೇ ಉಳಿಯಿತು. ನಿಯಮ ನಿಯಮವೇ; ತೀರ್ಪುಗಾರರು ಅಂಕ ಕಡಿತ ಮಾಡಿದರು. ಪ್ರೇಕ್ಷಕರ ಚಪ್ಪಾಳೆ ಮುಗಿಲು ಮುಟ್ಟಿತು. ಒಟ್ಟು ಫಲಿತಾಂಶದಲ್ಲಿ ಹತ್ತನೆಯ ಸ್ಥಾನ. ಆಕೆಯ ಸ್ಪರ್ಧಾಜೀವನ ಅಲ್ಲಿಗೆ ಮುಗಿಯಿತು.

ನಿಯಮಭಂಗವನ್ನು ಮಕ್ಕಳ ಮುಂದೆ ಆದರ್ಶವಾಗಿ ಇಡುವುದು ನಮ್ಮ ಉದ್ದೇಶವಲ್ಲ. ಆದರೂ ಭಂಗಕ್ಕೂ ಭಂಗಕ್ಕೂ ಭೇದವುಂಟು. ಲಾಭಕ್ಕಾಗಿ ಮರೆಯಲ್ಲಿ ನಿಯಮ ಮುರಿಯುವವನು ಮೋಸಗಾರ. ಬೊನಾಲಿ ಅದನ್ನು ಮುರಿದದ್ದು ದೀಪಗಳ ಬೆಳಕಿನಲ್ಲಿ, ಲೋಕವೆಲ್ಲ ನೋಡುತ್ತಿರುವಾಗ. ಅದರಿಂದ ಅಂಕ ಹೋಗುವುದೆಂದು ತಿಳಿದೂ, ಹೋದ ಅಂಕಕ್ಕಾಗಿ ದೂರು ಹೇಳದೆಯೂ. 1992ರ ಪ್ರತಿಜ್ಞೆಗೆ ಇದರಿಂದ ಕುಂದು ಬಂತೆಂದು ಹೇಳುವವರುಂಟು. ಶಿಕ್ಷೆಯನ್ನು ಒಪ್ಪಿಕೊಂಡು ನಿಂತವಳು ನಿಯಮವನ್ನು ಹೀಗಳೆದಳೆಂದು ನಮಗಂತೂ ಅನ್ನಿಸುವುದಿಲ್ಲ.

ತಕ್ಕಡಿಯೇ ಬದಲಾದ ಬಗೆ

ನಾಲ್ಕು ವರ್ಷಗಳ ಬಳಿಕ ಆ ಹಳೆಯ ತಕ್ಕಡಿಯೇ ಮುರಿದುಬಿತ್ತು. 2002ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಲಿಂಪಿಕ್ ಕೂಟದಲ್ಲಿ ಜೋಡಿಗಳ ಸ್ಪರ್ಧೆಯ ತೀರ್ಪು ದೊಡ್ಡ ಹಗರಣಕ್ಕೆ ಕಾರಣವಾಯಿತು. ಒತ್ತಡಕ್ಕೆ ಒಳಗಾಗಿ ಮತ ಕೊಟ್ಟೆನೆಂದು ಫ್ರಾನ್ಸಿನ ತೀರ್ಪುಗಾರ್ತಿ ಹೇಳಿದಳೆಂದೂ ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡಳೆಂದೂ ವರದಿಯಾಯಿತು; ಕೊನೆಗೆ ಕೆನಡದ ಜೋಡಿಗೂ ಚಿನ್ನದ ಪದಕವನ್ನು ಕೊಡಬೇಕಾಯಿತು. ಅಂತರರಾಷ್ಟ್ರೀಯ ಸಂಸ್ಥೆ ಆ ತೀರ್ಪುಗಾರ್ತಿಯನ್ನೂ ಫ್ರೆಂಚ್ ಒಕ್ಕೂಟದ ಅಧ್ಯಕ್ಷನನ್ನೂ ಮೂರು ವರ್ಷಗಳ ಕಾಲ ಅಮಾನತಿನಲ್ಲಿರಿಸಿತು. ಆ ಅಧ್ಯಕ್ಷನು ಬೊನಾಲಿಯ ಹಿಂದಿನ ತರಬೇತುದಾರನಾದ ಗಯಾಗೆಯೇ ಆಗಿದ್ದನೆಂಬುದು ಇತಿಹಾಸದ ವಿಚಿತ್ರ. 2004ರಲ್ಲಿ ಆರು ಅಂಕಗಳ ಪದ್ಧತಿಯನ್ನು ಕೈಬಿಟ್ಟು ಹೊಸ ಪದ್ಧತಿಯನ್ನು ಅಂಗೀಕರಿಸಿದರು. ಅದರಂತೆ ಪ್ರತಿಯೊಂದು ಜಿಗಿತಕ್ಕೂ ಗಿರಕಿಗೂ ಗೊತ್ತಾದ ಮೂಲಬೆಲೆಯಿದೆ. ಮಾಡಿದ ಚೊಕ್ಕತನವನ್ನು ನೋಡಿ ಅದಕ್ಕೆ ಕೂಡುತ್ತಾರೆ ಅಥವಾ ಕಳೆಯುತ್ತಾರೆ. ಎಲ್ಲವನ್ನೂ ಒಟ್ಟು ಮಾಡುತ್ತಾರೆ. ಸೊಗಸಿನ ಪಾಲು ಇನ್ನೂ ಉಂಟು. ಆದರೆ ಸೋತವರು ತಾವು ಎಲ್ಲಿ ಸೋತೆವೆಂಬುದನ್ನು ಈಗ ಕಾಗದದ ಮೇಲೆ ಓದಿಕೊಳ್ಳಬಹುದು. ಈ ಪದ್ಧತಿಯಲ್ಲಿ ಬೊನಾಲಿಗೆ ಹೆಚ್ಚು ದೊರೆಯುತ್ತಿತ್ತೆಂದು ಖಂಡಿತವಾಗಿ ಹೇಳಲಾಗದು. ಅಪೂರ್ಣ ಸುತ್ತುಗಳಿಗೆ ಇಲ್ಲಿ ಕಡಿತವೂ ಕಠಿಣ. ಉತ್ತರವಾದರೂ ಸಿಗುತ್ತಿತ್ತು.

ನಿಷೇಧದ ಕಥೆಯೂ ಮುಂದುವರಿಯಿತು. 2024ರ ಯುರೋಪ್ ಮತ್ತು ವಿಶ್ವಸ್ಪರ್ಧೆಗಳಲ್ಲಿ ಫ್ರಾನ್ಸಿನವನೇ ಆದ ಆಡಂ ಸಿಯಾವೊ ಹಿಮ್ ಫಾ ಹಿಂಲಾಗವನ್ನು ಹಾಕಿ, ಎರಡು ಅಂಕಗಳ ಕಡಿತವನ್ನು ಅನುಭವಿಸಿದನು. ಹಾಗಿದ್ದೂ ಯುರೋಪಿನ ಪ್ರಶಸ್ತಿಯನ್ನೂ ವಿಶ್ವಸ್ಪರ್ಧೆಯ ಕಂಚನ್ನೂ ಪಡೆದನು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ಮಹಾಸಭೆ ಲಾಗಗಳ ಮೇಲಿನ ನಿಷೇಧವನ್ನು ತೆಗೆದುಹಾಕಿತು. ನಗಾನೋ ನಗರದಲ್ಲಿ ದಂಡನೆಗೆ ಗುರಿಯಾದ ಕಾರ್ಯ ಇಪ್ಪತ್ತಾರು ವರ್ಷಗಳ ಬಳಿಕ ನಿಯಮಬದ್ಧವಾಯಿತು. ಬೊನಾಲಿ ಸ್ಪರ್ಧೆಯನ್ನು ಬಿಟ್ಟ ಮೇಲೆ ಅಮೆರಿಕದಲ್ಲಿ ನೆಲೆಸಿ, 2004ರಲ್ಲಿ ಅಲ್ಲಿಯ ಪೌರತ್ವವನ್ನು ಪಡೆದಿದ್ದಳು. ವರ್ಷಾನುಗಟ್ಟಲೆ ಪ್ರದರ್ಶನಗಳಲ್ಲಿ ಆ ಹಿಂಲಾಗವನ್ನು ತೋರಿ ಜನರನ್ನು ರಂಜಿಸಿದಳು. ಕಿರಿಯರಿಗೆ ವಿದ್ಯೆ ಕಲಿಸುವ ಕೆಲಸವನ್ನು ಕೈಗೊಂಡಳು. ನಿಯಮ ಬದಲಾದರೂ ಹಳೆಯ ಫಲಿತಾಂಶಗಳು ಬದಲಾಗುವುದಿಲ್ಲ. ದಾಖಲೆಯ ಪುಸ್ತಕದಲ್ಲಿ ಇಂದಿಗೂ ಚಿಬಾದ ಎದುರಿಗೆ ಎರಡು, ನಗಾನೋದ ಎದುರಿಗೆ ಹತ್ತು ಎಂದೇ ಇದೆ.

ಉಪಾಧ್ಯಾಯರಾದ ನಮಗೆ ಈ ಚರಿತ್ರೆಯಿಂದ ದೊರೆಯುವ ತಿಳಿವಳಿಕೆ ದೊಡ್ಡದು. ಅಂಕಪಟ್ಟಿಯನ್ನು ಓದುವಾಗ ಅದನ್ನು ಬರೆದ ಕಾಲದ ನಿಯಮಪುಸ್ತಕವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಒಬ್ಬರಿಗೆ ಕಡಿಮೆ ಅಂಕವನ್ನು ಕೊಡುವಾಗ, ಯಾವ ಅಂಶಕ್ಕೆ ಎಷ್ಟು ಕಳೆದೆವೆಂದು ಅವರಿಗೆ ತೋರಿಸಬಲ್ಲೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ತೋರಿಸಬಲ್ಲವಾದರೆ ಕೊಟ್ಟ ಅಂಕ ನ್ಯಾಯವಾದುದು. ತೋರಿಸಲಾರೆವಾದರೆ ಲೇಖನಿಯನ್ನು ಕೆಳಗಿಟ್ಟು ಆ ಉತ್ತರಪತ್ರಿಕೆಯನ್ನು ಇನ್ನೊಮ್ಮೆ ಓದುವುದು ಲೇಸು.